ನಾಜ್ಲುವಿನ ತುಟಿ ತಿದ್ದಿದ್ದು

ಮೆಜ್ರೆಯಲ್ಲಿ ನನ್ನ ಗಂಡ ಸಹಾಗ್ ತೆಗೆದ ಫೋಟೋ ಇಲ್ಲದ ಮನೆಯಿಲ್ಲ. ಪಾಷಾನ ದಿವಾನಖಾನೆಯಲ್ಲೂ ಅವನದೇ, ನೇಕಾರನ ಗುಡಿಸಲಲ್ಲೂ ಅವನದೇ. ಆ ಫೋಟೋಗಳಲ್ಲಿ ಯಾರ ಮುಖದಲ್ಲೂ ಸಿಡುಬಿನ ಕಲೆಯಿಲ್ಲ, ಎಂಥ ಮುದುಕಿಗೂ ಗಂಟಲ ಕೆಳಗೆ ಜೋಲುವ ಚರ್ಮವಿಲ್ಲ. ಅದನ್ನು ಮಾಡಿದವಳು ನಾನು. ಅವನು ತೆಗೆದ ಫೋಟೋದ ನೆಗೆಟಿವ್ ಗಾಜನ್ನು ಕಿಟಕಿಯ ಬಳಿ ಇಳಿಜಾರು ಮೇಜಿಗೆ ಒರಗಿಸಿ, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲು ಹಿಡಿದು, ಇಪ್ಪತ್ತು ವರ್ಷ ಈ ಊರಿನವರ ಮುಖ ತಿದ್ದಿದ್ದೇನೆ. ಬಾಗಿಲ ಮೇಲಿನ ಹಲಗೆಯಲ್ಲಿ ಮಾತ್ರ ಅವನೊಬ್ಬನ ಹೆಸರಿದೆ. ಜನರೆದುರು ಅವನನ್ನು 'ಅವರು' ಅನ್ನುತ್ತೇನೆ. ಇಲ್ಲಿ ಅನ್ನುವುದಿಲ್ಲ.

ಸಹಾಗ್ ತಾಮ್ರದ ಪಾತ್ರೆ ಬಡಿಯುವವನ ಮಗ. ಹದಿನಾರಕ್ಕೆ ಇಸ್ತಾಂಬುಲಿಗೆ ಓಡಿಹೋಗಿ, ಪೇರಾ ಬೀದಿಯಲ್ಲಿ ನಮ್ಮ ಅರ್ಮೇನಿಯನ್ನರದೇ ಒಂದು ಸ್ಟುಡಿಯೋದಲ್ಲಿ ಆರು ವರ್ಷ ಗಾಜು ತೊಳೆದ. ಆಮೇಲೆ ಹೇಸರಗತ್ತೆಯ ಮೇಲೆ ಕ್ಯಾಮೆರಾ ಹೇರಿಕೊಂಡು ವಾಪಸು ಬಂದ. ಮೊದಲ ವರ್ಷ ಒಬ್ಬರೂ ಒಳಗೆ ಕಾಲಿಡಲಿಲ್ಲ. ಆ ಪೆಟ್ಟಿಗೆ ಮುಖದ ರಕ್ತ ಹೀರುತ್ತದೆ ಎಂದು ಮುದುಕಿಯರು ಹಬ್ಬಿಸಿದ್ದರು. ಆಗ ಅವನು ನನ್ನನ್ನು ಮದುವೆಯಾಗಿ, ಕುರ್ಚಿಯ ಮೇಲೆ ಕೂರಿಸಿ, ತೆಗೆದ ಫೋಟೋವನ್ನು ಬಾಗಿಲಿಗೆ ನೇತುಹಾಕಿದ. ಹುಡುಗಿ ಸತ್ತಿಲ್ಲ, ಕೆನ್ನೆ ಕೆಂಪಗೇ ಇದೆ ಎಂದು ಊರು ನೋಡಿತು. ನಮ್ಮ ಸಂಸಾರ ಶುರುವಾದದ್ದು ಹಾಗೆ. ಆಮೇಲೆ ಬಿಷಪ್ ಬಂದರು, ಪಾಷಾ ಬಂದ, ಅವರ ಹಿಂದೆ ಎಲ್ಲರೂ ಬಂದರು. ಹಂಸ ತೇಲುವ ಕೊಳದ ಪರದೆಯ ಮುಂದೆ ಉಣ್ಣೆ ಕಾಲುಚೀಲದ ರೈತರು ಉಸಿರು ಬಿಗಿಹಿಡಿದು ನಿಂತರು. ತಲೆಯ ಹಿಂದೆ ಕಬ್ಬಿಣದ ಕವಲು ಸಿಕ್ಕಿಸಿ ಸಹಾಗ್ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: "ಅಲುಗಬೇಡಿ. ಅಲುಗಿದೋರು ಫೋಟೋದಲ್ಲಿ ಹೊಗೆ ಆಗ್ತಾರೆ."

ಊರೂರಲ್ಲಿ ನಮ್ಮವರ ಕೊಲೆಗಳಾದ ವರ್ಷದ ಮಾರನೇ ವರ್ಷ ಹೊಸ ಹುಕುಂ ಬಂತು. ಅಮೆರಿಕಕ್ಕೆ ಹೋಗುವ ಅರ್ಮೇನಿಯನ್ನರು ಹೋಗಬಹುದು, ಆದರೆ ಇನ್ನೆಂದೂ ಈ ನೆಲಕ್ಕೆ ಕಾಲಿಡುವುದಿಲ್ಲ ಎಂದು ಬರೆದುಕೊಡಬೇಕು. ಇಡೀ ಮನೆ ಫೋಟೋ ತೆಗೆಸಬೇಕು. ಫೋಟೋದ ಹಿಂದೆ ಒಬ್ಬೊಬ್ಬರ ಹೆಸರು ಬರೆದು ಮೊಹರು ಹಾಕುತ್ತಾರೆ. ಒಂದು ಪ್ರತಿ ಪೋಲೀಸರಲ್ಲಿ, ಇನ್ನೊಂದು ಸಾಮ್ಸೂನಿನ ಬಂದರಿನಲ್ಲಿ. ಫೋಟೋದಲ್ಲಿ ಇದ್ದವರು ಹಡಗು ಹತ್ತಬಹುದು, ತಿರುಗಿ ಬರುವಂತಿಲ್ಲ. ಇಲ್ಲದವರು ಹತ್ತುವಂತಿಲ್ಲ. ಆ ಕೆಲಸವೆಲ್ಲ ನಮ್ಮ ಅಂಗಡಿಗೇ ಬಂತು. ಊರು ಖಾಲಿಯಾಗುತ್ತಿತ್ತು, ನಮ್ಮ ಅಂಗಡಿ ತುಂಬುತ್ತಿತ್ತು. ಸಹಾಗ್ ಹೊಸ ಕೋಟು ಹೊಲಿಸಿಕೊಂಡ.

ತುರ್ವಾಂದಾಳ ಮನೆಯವರು ಬಂದದ್ದು ದ್ರಾಕ್ಷಿ ಕೊಯ್ಲು ಮುಗಿದ ವಾರ. ತುರ್ವಾಂದಾ ಅಂದರೆ ಗಂಡ ಸತ್ತ ಮೇಲೆ ಮನೆಯನ್ನು ಹಿಡಿ ಸಡಿಲಿಸದೆ ನಡೆಸಿದ ಹೆಂಗಸು. ಜೊತೆಗೆ ದೊಡ್ಡ ಮಗ ಒಹಾನ್, ಅವನ ಹೆಂಡತಿ, ಇಬ್ಬರು ಮಕ್ಕಳು. ಕಿರಿಯ ಮಗ ಮೆಲ್ಕೋನ್ ಮೂರು ವರ್ಷದ ಹಿಂದೆಯೇ ಅಮೆರಿಕ ಸೇರಿ ತಂತಿ ಎಳೆಯುವ ಕಾರ್ಖಾನೆಯಲ್ಲಿದ್ದ. ಮದುವೆಯಾಗಿ ನಲವತ್ತು ದಿನಕ್ಕೆ ಹೊರಟವನು. ಅವನ ಹೆಂಡತಿ ನಾಜ್ಲು ಎಲ್ಲರ ಹಿಂದೆ, ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಬಂದಳು. ಪೋಲೀಸರ ಪಟ್ಟಿಯಲ್ಲಿ ಆರು ಹೆಸರಿದ್ದವು, ಕೊನೆಯದು ಅವಳದು. ಏಳನೆಯವಳಾಗಿ ಮಕ್ಕಳಿಗೆ ಬಟ್ಟೆ ತೊಡಿಸುವ ನೆಪದಲ್ಲಿ ಬಂದಿದ್ದವಳು ತುರ್ವಾಂದಾಳ ಮಗಳು ಆಲ್ತೂನ್. ಗಂಡ ಕೊಲೆಗಳಲ್ಲಿ ಸತ್ತು, ಅವನ ಅಣ್ಣಂದಿರ ಮನೆಯಲ್ಲಿ ಏಟು ತಿಂದುಕೊಂಡಿದ್ದ ವಿಧವೆ. ಅವಳ ಹೆಸರು ಪಟ್ಟಿಯಲ್ಲಿರಲಿಲ್ಲ.

ನಮ್ಮಲ್ಲಿ ಸೊಸೆಯಾದವಳು ಮದುವೆಯ ದಿನ ಬಾಯಿ ಕಟ್ಟಿದರೆ ಅತ್ತೆ ಬಿಡಿಸುವವರೆಗೆ ಹಿರಿಯರ ಮುಂದೆ, ಹೊರಗಿನವರ ಮುಂದೆ ಒಂದಕ್ಷರ ಆಡುವ ಹಾಗಿಲ್ಲ. ಸನ್ನೆ ಮಾಡಬಹುದು, ಮಕ್ಕಳ ಕಿವಿಯಲ್ಲಿ ಪಿಸುಗುಟ್ಟಬಹುದು, ಬಾಗಿಲು ಹಾಕಿದ ಮೇಲೆ ಗಂಡನ ಹತ್ತಿರ ಮಾತಾಡಬಹುದು. ಒಂದು ದಿನ ಅತ್ತೆ ಏನಾದರೂ ಉಡುಗೊರೆ ಕೈಗಿಟ್ಟು "ಮಾತಾಡು ಮಗಳೇ" ಅನ್ನಬೇಕು. ನನ್ನತ್ತೆ ಐದು ವರ್ಷ ಕಾಯಿಸಿ ಒಂದು ಬಾಚಣಿಗೆ ಕೊಟ್ಟಳು. ಅಷ್ಟು ದಿನ ಕೂಡಿಟ್ಟ ಮಾತು ಇನ್ನೂ ಖಾಲಿಯಾಗಿಲ್ಲ ಎಂದು ಸಹಾಗ್ ರೇಗಿಸುತ್ತಾನೆ.

ಪೋಲೀಸ್ ಗುಮಾಸ್ತ ಮುಂದಿನ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದ. ಎಲ್ಲರ ಮುಖ ತೆರೆದಿರಬೇಕು ಎಂದಷ್ಟೇ ಹೇಳಿ ಕೂತಿದ್ದ. ತುರ್ವಾಂದಾ ಗೊಣಗುತ್ತಲೇ ನಾಜ್ಲುವಿನ ಬಾಯಿಬಟ್ಟೆ ಕೆಳಗೆಳೆದಳು. ಆಗಲೇ ನಾನು ಅವಳನ್ನು ಸರಿಯಾಗಿ ನೋಡಿದ್ದು. ದಪ್ಪನೆಯ ಕೆಳತುಟಿ, ಅದರ ಎಡಕ್ಕೆ ಎಳ್ಳಿನಷ್ಟು ಮಚ್ಚೆ. ಹತ್ತೊಂಬತ್ತು ಇದ್ದೀತು. ಕಣ್ಣಲ್ಲಿ ಆಗಲೇ ಹಡಗು ಹತ್ತಿಬಿಟ್ಟಿದ್ದಳು. ನಾನು ಅವಳ ಕೈಗಳನ್ನು ತೊಡೆಯ ಮೇಲಿಟ್ಟೆ. ಸಹಾಗ್ ಮುಚ್ಚಳ ತೆಗೆದು ಎಣಿಸಿದ. ಏಳು ಎನ್ನುವಾಗ ಒಹಾನನ ಚಿಕ್ಕ ಮಗ ತಿರುಗಿ ನೋಡಿದ.

"ಹೋಯ್ತು! ಈ ಮಗೂಗೆ ಎರಡು ತಲೆ ಬಂದಿರುತ್ತೆ. ಇನ್ನೊಂದ್ಸಲ ಕೂತ್ಕೊಳಿ" ಎಂದ ಸಹಾಗ್.

ಅವನು ಹೊಸ ಗಾಜು ತರಲು ಕತ್ತಲೆ ಕೋಣೆಗೆ ಹೋದ. ತುರ್ವಾಂದಾ ತನ್ನ ಮಗಳನ್ನು ನೋಡಿದಳು, ಸೊಸೆಯನ್ನು ನೋಡಿದಳು. ಆ ನೋಟದಲ್ಲೇ ಎಲ್ಲ ತೀರ್ಮಾನವಾಯಿತು.

"ನಾಜ್ಲು, ಏಳು. ಹಿತ್ತಲಲ್ಲಿ ಹೇಸರಗತ್ತೆ ಹಗ್ಗ ಬಿಚ್ಕೊಂಡಿದೆ ಅನ್ಸುತ್ತೆ, ಹೋಗಿ ಹಿಡ್ಕೊ. ತಲೆ ಮೇಲಿನ ಬೆಳ್ಳಿ ಸರ ಇಲ್ಲಿ ಕೊಟ್ಟೋಗು, ಕಿತ್ತೋದೀತು."

ನಾಜ್ಲು ತಾನೇ ಬಿಚ್ಚಿ, ತಾನೇ ಅತ್ತೆಯ ಕೈಯಲ್ಲಿಟ್ಟಳು. ಬಾಯಿಬಟ್ಟೆ ಮೇಲೆಳೆದುಕೊಂಡಳು. ಬಾಗಿಲವರೆಗೆ ಹೋಗಿ ತಿರುಗಿದಾಗ ಆ ಸರ ಆಲ್ತೂನಳ ಹಣೆಯ ಮೇಲಿತ್ತು, ಆಲ್ತೂನ್ ಅವಳ ಮಣೆಯ ಮೇಲಿದ್ದಳು. ನಾಜ್ಲು ನನ್ನ ಕಡೆ ನೋಡಿ ಎದೆ ಮುಟ್ಟಿಕೊಂಡಳು, ಮಣೆಯತ್ತ ಬೆರಳು ತೋರಿದಳು. ಇದಕ್ಕಿಂತ ಸ್ಪಷ್ಟವಾಗಿ ಯಾವ ಬಾಯಿ ಹೇಳೀತು? ಐದು ವರ್ಷ ಸನ್ನೆಯಲ್ಲೇ ಬದುಕಿದವಳು ನಾನು, ಅರ್ಥವಾಗಲಿಲ್ಲ ಎಂದರೆ ನಾಲಿಗೆ ಬಿದ್ದುಹೋಗಲಿ. ನಾನು ನೆಲ ನೋಡಿದೆ. ಒಹಾನನೂ ನೆಲ ನೋಡಿದ. ಒಂದು ಸಲ ಕೂಗಿದ್ದರೆ ಗುಮಾಸ್ತ ಎದ್ದು ಬರುತ್ತಿದ್ದ. ಒಳ್ಳೆಯ ಸೊಸೆ ಕೂಗುವುದಿಲ್ಲ. ಅವಳು ಹಿತ್ತಲಿಗೆ ಹೋದಳು.

ಸಹಾಗ್ ಗಾಜು ಹಿಡಿದು ಬಂದು ನಿಂತಲ್ಲೇ ನಿಂತ. ಅವನ ಕಣ್ಣು ಚುರುಕು, ಮುಖ ಬದಲಾದದ್ದು ಗೊತ್ತಾಗದೆ ಇರುತ್ತದೆಯೇ?

"ಏನ್ ನೋಡ್ತೀಯ ಉಸ್ತಾದ್?" ಎಂದಳು ತುರ್ವಾಂದಾ ಮೆಲ್ಲಗೆ. "ನಿನ್ನ ಕೆಲಸ ಮುಖ ತೆಗೆಯೋದು. ಹೆಸರು ಕೇಳೋಕೆ ಹೊರಗಡೆ ಒಬ್ಬ ಕೂತಿದಾನೆ. ನನ್ನ ಮಗಳನ್ನ ಆ ಕಟುಕರ ಮನೇಲಿ ಬಿಟ್ಟು ನಾನು ಸಮುದ್ರ ದಾಟಲ್ಲ."

"ಆ ಹುಡುಗಿ?"

"ಅವಳಿಗೆ ಅಣ್ಣ ಇದಾನೆ. ನನ್ನ ಮಗಳಿಗೆ ಯಾರಿದಾರೆ?"

ಅವಳ ಕಣ್ಣು ತುಂಬಿತ್ತು. ಅದು ನಾಟಕವಲ್ಲ, ಅದೇ ನನಗೆ ಇಂದಿಗೂ ಕೋಪ ತರಿಸುವುದು. ಸಹಾಗ್ ಒಮ್ಮೆ ಕಿಟಕಿ ನೋಡಿದ. "ಬೆಳಕು ಚೆನ್ನಾಗಿದೆ. ಎಲ್ಬಿಸ್, ಆ ಹೆಂಗಸಿನ ಕೈ ಸರಿ ಮಾಡು" ಎಂದ. ಎಲ್ಬಿಸ್ ನಾನೇ. ನಾನು ಆಲ್ತೂನಳ ಕೈಗಳನ್ನು ತೊಡೆಯ ಮೇಲಿಟ್ಟೆ. ಫೋಟೋದಲ್ಲಿ ಎಲ್ಲ ಸರಿಯಾಗಿ ಬಂತು. ಮೂರನೇ ದಿನ ಗುಮಾಸ್ತ ಅದರ ಹಿಂದೆ 'ಮೆಲ್ಕೋನನ ಹೆಂಡತಿ ನಾಜ್ಲು' ಎಂದು ಬರೆದು ಮೊಹರು ಒತ್ತಿದ.

ಮೊದಲ ಗಾಜನ್ನು ತೊಳೆದವಳೂ ನಾನೇ. ಕೆಟ್ಟ ಗಾಜನ್ನು ನಾವು ಇಟ್ಟುಕೊಳ್ಳುವುದಿಲ್ಲ. ಬಿಸಿನೀರಿಗೆ ಸೋಡಾ ಹಾಕಿ ಉಜ್ಜಿದರೆ ಮುಖಗಳು ಹಾಲಿನ ಕೆನೆಯ ಹಾಗೆ ಕಿತ್ತು ಬರುತ್ತವೆ. ನಾಜ್ಲುವಿನ ಮುಖ ನನ್ನ ಉಗುರಿನ ಸಂದಿಯಲ್ಲಿ ಬಂತು. ಆ ಗಾಜು ಈಗ ಕೋಳಿಗೂಡಿನ ಕಿಂಡಿಯಲ್ಲಿದೆ.

ಹೊರಡುವ ಮೊದಲು ತುರ್ವಾಂದಾ ಸೊಸೆಯನ್ನು "ಅಣ್ಣನ ಮನೇಲಿ ಮೂರು ದಿನ ಇದ್ದು ಬಾ, ಇನ್ನು ನೋಡೋದು ಯಾವಾಗಲೋ" ಎಂದು ಕಳಿಸಿದಳು. ಎರಡನೇ ದಿನ ಬೆಳಿಗ್ಗೆ ಹೇಸರಗತ್ತೆಗಳು ಸಾಮ್ಸೂನಿನ ದಾರಿ ಹಿಡಿದವು. ನಾಜ್ಲು ಗಂಟು ಹೊತ್ತು ಬಂದಾಗ ಮನೆಗೆ ಬೇರೆಯವರ ಬೀಗ. ಪಕ್ಕದ ಮನೆಯವಳ ಬಾಯಲ್ಲಿ ಅತ್ತೆಯ ಸಂದೇಶವಿತ್ತು: ಪಟ್ಟಿಯಲ್ಲಿ ನಿನ್ನ ಹೆಸರು ಬಿಟ್ಟುಹೋಗಿದೆ, ಮುಂದಿನ ವರ್ಷ ಮೆಲ್ಕೋನ್ ಕರೆಸಿಕೊಳ್ಳುತ್ತಾನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಬೀದಿಯವರು ಮರುಗಿದರು. ತುತ್ತನ್ನು ಕಿತ್ತವರು ಯಾರು ಎಂದು ನಮಗೆ ಗೊತ್ತಿತ್ತು.

ಇನ್ನೊಂದು ಕ್ರೌರ್ಯ ಯಾರೂ ಯೋಚಿಸಿ ಮಾಡಿದ್ದಲ್ಲ. ಅತ್ತೆ ಅವಳ ಬಾಯಿ ಬಿಡಿಸದೆ ಹೋಗಿದ್ದಳು. ಬಿಡಿಸಬೇಕಾದವಳು ಸಮುದ್ರದಾಚೆ, ಮೆಲ್ಕೋನನ ವಿಳಾಸವೂ ಅವಳ ಗಂಟಿನಲ್ಲೇ ಹೋಗಿತ್ತು. ನಾಜ್ಲು ಅಣ್ಣನ ಮನೆಯಲ್ಲಿ ಬಟ್ಟೆ ಕಟ್ಟಿಕೊಂಡೇ ಉಣ್ಣೆ ತೊಳೆದಳು, ಹತ್ತಿ ಬಿಡಿಸಿದಳು, ಅತ್ತಿಗೆಯ ಬೈಗುಳ ಕೇಳಿದಳು. ಬಾಯಿ ಬಿಡಿಸಿ ಎಂದು ಅವಳ ಅಣ್ಣ ಪಾದ್ರಿಯನ್ನು ಕೇಳಿದರೆ ಅದು ಮನೆತನದ ವಿಷಯ, ನನ್ನದಲ್ಲ ಎಂದರು. ಊರು ಅವಳನ್ನು ಹೊಗಳಿತು. "ಸೊಸೆ ಅಂದ್ರೆ ಅವಳು! ಅತ್ತೆ ಎದುರಿಗಿಲ್ಲದಿದ್ರೂ ನಿಯಮ ಬಿಟ್ಟಿಲ್ಲ" ಎಂದು ಚರ್ಚಿನ ಮೆಟ್ಟಿಲ ಮೇಲೆ ತಮ್ಮ ಸೊಸೆಯರಿಗೆ ತೋರಿಸಿದರು. ಮಾತು ಬೆಳ್ಳಿ, ಮೌನ ಬಂಗಾರವಂತೆ. ಅವಳ ಬೆಳ್ಳಿಯನ್ನು ಆಲ್ತೂನ್ ಹಾಕಿಕೊಂಡು ಹೋಗಿದ್ದಳು, ಬಂಗಾರ ಯಾರ ಹೊಟ್ಟೆಯನ್ನೂ ತುಂಬಿಸಲಿಲ್ಲ.

ಮಾರನೇ ವರ್ಷ ಹಿಮ ಬೀಳುವ ಹೊತ್ತಿಗೆ ಅಮೆರಿಕದಿಂದ ಸಹಾಗನ ಹೆಸರಿಗೆ ಲಕೋಟೆ ಬಂತು. ಮೆಲ್ಕೋನನದು. ಒಳಗೆ ಅವನದೊಂದು ಫೋಟೋ, ಕಪ್ಪು ಕೋಟು, ಪಕ್ಕದಲ್ಲಿ ಖಾಲಿ ಕುರ್ಚಿ. ನಾನೇ ಓದಿದೆ.

"ಉಸ್ತಾದ್ ಸಹಾಗ್ ಅವರಿಗೆ. ನನ್ನ ನಾಜ್ಲು ದಾರಿಯಲ್ಲಿ ಜ್ವರ ಬಂದು ತೀರಿಕೊಂಡಳೆಂದು ಅಮ್ಮ ಅಳುತ್ತಾ ಹೇಳಿದರು. ಹೊರಡುವ ಮುಂಚೆ ನಿಮ್ಮಲ್ಲಿ ಫೋಟೋ ತೆಗೆಸಿದ್ದಳಂತೆ. ಆ ಗಾಜು ನಿಮ್ಮಲ್ಲಿ ಇದ್ದೇ ಇರುತ್ತದೆ. ಅವಳನ್ನು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಕಳಿಸಿ. ನನ್ನ ಹತ್ತಿರ ಅವಳ ಮುಖ ಇಲ್ಲ."

ಇಂಥ ಕೆಲಸ ನಮಗೆ ಹೊಸದಲ್ಲ. ಗಂಡ ಅಲ್ಲಿ, ಹೆಂಡತಿ ಇಲ್ಲಿ, ಇಬ್ಬರನ್ನೂ ಕತ್ತರಿಸಿ ಒಂದೇ ಕೊಳದ ಮುಂದೆ ಅಂಟಿಸಿ, ಮತ್ತೆ ಫೋಟೋ ತೆಗೆದು, ಅಂಚನ್ನು ನಾನು ಶಾಯಿಯಿಂದ ಮುಚ್ಚಿದರೆ ಸಂಸಾರ ಕೂಡಿದಂತೆ. ಎಷ್ಟು ಜನರನ್ನು ಹಾಗೆ ಕೂಡಿಸಿದ್ದೇವೋ.

"ರೀ, ಅವಳು ಬದುಕಿದಾಳೆ ಅಂತ ಬರೀರಿ" ಎಂದೆ.

"ಬರೆದು?" ಎಂದ ಸಹಾಗ್. "ಪೋಲೀಸರ ಕಾಗದದಲ್ಲಿ ನಾಜ್ಲು ಅಮೆರಿಕಕ್ಕೆ ಹೋಗಿ ಒಂದು ವರ್ಷ ಆಯ್ತು. ಅವನು ಹೆಂಡತೀನ ಕಳಿಸಿ ಅಂತ ಅರ್ಜಿ ಹಾಕ್ತಾನೆ. ಹಾಗಾದ್ರೆ ಹೋದವಳು ಯಾರು ಅಂತ ಕೇಳ್ತಾರೆ. ಫೋಟೋ ತಿರುಗಿಸಿ ನೋಡ್ತಾರೆ, ಅಲ್ಲಿ ನನ್ನ ಅಂಗಡಿ ಮೊಹರು. ನನ್ನ ಜೈಲಿಗೆ ಕಳಿಸ್ಬೇಕು ಅಂತಿದೀಯಾ?"

"ಹಾಗಂತ ಬದುಕಿದೋಳನ್ನ ಸಾಯಿಸ್ತೀರಾ?"

"ನಾನೇನು ಸಾಯಿಸಿದೆ? ಅವಳ ಅತ್ತೆ ಸಾಯಿಸಿದಾಳೆ. ಅವನು ಬರೀ ಫೋಟೋ ಕೇಳಿದಾನೆ." ಸ್ವಲ್ಪ ಹೊತ್ತು ಪೆಟ್ಟಿಗೆಯ ಹಿತ್ತಾಳೆ ಉಜ್ಜಿದ. "ಗಾಜು ಇಲ್ಲ. ಅವಳನ್ನ ಕರೆಸು."

ನನಗೆ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಜೈಲಿಗೆ ಹೋದವನ ಮಕ್ಕಳನ್ನು ಯಾರು ತರುತ್ತಾರೆ? ಇದನ್ನು ನೆಪವಾಗಿ ಹೇಳುತ್ತಿಲ್ಲ. ನೆಪವೇ ಹೌದು, ಆದರೆ ನಿಜವೂ ಹೌದು. ನಾನು ಅವಳನ್ನು ಕರೆಸಿದೆ.

ನಾಜ್ಲು ತಲೆಗೆ ಮಿಂದು, ಮದುವೆಯ ಕೆಂಪು ನಿಲುವಂಗಿ ತೊಟ್ಟು ಓಡೋಡಿ ಬಂದಳು. ಕೈಯೆಲ್ಲ ಉಣ್ಣೆ ತೊಳೆದು ಬಿರಿದಿತ್ತು.

"ನಿನ್ನ ಗಂಡ ನಿನ್ನ ಫೋಟೋ ಕೇಳಿದಾನೆ ಕಣಮ್ಮ" ಎಂದ ಸಹಾಗ್. ಅದು ಸುಳ್ಳಲ್ಲ. ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಕುರ್ಚಿಯ ಮೇಲೆ ಕೂರಿಸಿದೆ. ಬಾಯಿಬಟ್ಟೆಗೆ ಕೈ ಹಾಕಿದರೆ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ತಲೆ ಅಲ್ಲಾಡಿಸಿದಳು. ಅವತ್ತು ತೆಗೆದದ್ದು ಅತ್ತೆ, ಇವತ್ತು ಅತ್ತೆ ಇಲ್ಲ.

ಆಗ ಸಹಾಗ್ ಅಂದ: "ನಿಮ್ಮತ್ತೇನೂ ಬರೆದಿದಾಳೆ. ನಾಜ್ಲು ಬಾಯಿ ಬಿಡಿಸಿದೀನಿ, ಇನ್ನು ಮಾತಾಡಲಿ ಅಂತ."

ನಾನು ಅವನ ಮುಖ ನೋಡಿದೆ. ರೆಪ್ಪೆ ಕೂಡ ಬಡಿಯಲಿಲ್ಲ. ಇಪ್ಪತ್ತು ವರ್ಷ ಜನರಿಗೆ ಅಲುಗಬೇಡಿ ಎಂದು ಹೇಳಿ ಹೇಳಿ ತಾನೂ ಕಲಿತಿದ್ದ. ಮೇಜಿನ ಮೇಲಿದ್ದ ಕನ್ನಡಿಯೊಂದನ್ನು ತೆಗೆದು ಅವಳ ಮಡಿಲಿಗೆ ಹಾಕಿದ. "ತಗೋ, ಅತ್ತೆ ಉಡುಗೊರೆ."

ನಾಜ್ಲು ಬಟ್ಟೆ ಬಿಚ್ಚಿದಳು. ಕೆನ್ನೆಯ ಮೇಲೆ ಗಂಟಿನ ಗುರುತು ಬಿದ್ದಿತ್ತು. ಬಾಯಿ ತೆರೆದಳು, ಮುಚ್ಚಿದಳು. ಸಹಾಗ್ ಕವಲು ಸಿಕ್ಕಿಸಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿ, ಹೊರಬಂದು, "ಅಲುಗಬೇಡ. ಮೋಡ ಇದೆ, ಹತ್ತರವರೆಗೆ ಎಣಿಸ್ತೀನಿ" ಎಂದು ಮುಚ್ಚಳ ತೆಗೆದ. ನಾಲ್ಕು ಎನ್ನುವಾಗ ನಾಜ್ಲು ಪೆಟ್ಟಿಗೆಯ ಕಣ್ಣನ್ನೇ ನೋಡುತ್ತಾ ಮಾತಾಡಿದಳು. ಒರಟು, ಒಡಕು ದನಿ, ಬಹಳ ದಿನ ಮುಚ್ಚಿದ್ದ ಬಾಗಿಲಿನ ಹಾಗೆ.

"ರೀ, ನೋಡ್ರೀ, ನನ್ನ ಬಾಯಿ ಬಿಡಿಸಿದ್ರು."

ತಲೆ ಅಲುಗಲಿಲ್ಲ, ಕೈ ಅಲುಗಲಿಲ್ಲ, ತುಟಿಯೊಂದೇ. ಸಹಾಗ್ ಮುಚ್ಚಳವನ್ನು ಕುಕ್ಕಿದ. "ಕತ್ತೆ! ಹಾಳು ಮಾಡಿದೆಯಲ್ಲೇ!" ಅವಳು ಬೆಚ್ಚಿದಳು, ಆದರೆ ನಗುತ್ತಿದ್ದಳು. ಹಿಮಕ್ಕೆ ದಾರಿ ಮುಚ್ಚಿ ಇಸ್ತಾಂಬುಲಿನಿಂದ ಹೊಸ ಗಾಜು ಬಂದಿರಲಿಲ್ಲ, ಇದ್ದದ್ದು ಅದೊಂದೇ.

ಕತ್ತಲೆ ಕೋಣೆಯಲ್ಲಿ ಗಾಜಿನ ಮೇಲೆ ಚಿತ್ರ ಮೂಡಿಸಿ, ಒಣಗಿಸಿ ನನ್ನ ಮೇಜಿಗೆ ತಂದಿಟ್ಟ. ಕಣ್ಣು, ಹಣೆ, ಬಿರಿದ ಕೈ, ಮಚ್ಚೆ ಎಲ್ಲ ಚೊಕ್ಕವಾಗಿ ಬಂದಿದ್ದವು. ಬಾಯಿಯ ಜಾಗದಲ್ಲಿ ಮಾತ್ರ ಹೊಗೆ.

"ಬಾಯಿ ಸರಿ ಮಾಡು" ಎಂದ.

"ಹಾಗೇ ಇರಲಿ ಬಿಡ್ರೀ. ಅಷ್ಟೇನೂ ಕಾಣಲ್ಲ."

"ಸತ್ತೋಳು ಮಾತಾಡ್ತಾಳೇನೇ? ಅವನು ಕುರುಡನಾ? ಈ ಬಾಯಿ ನೋಡಿದ್ರೆ ಅಮ್ಮ ಬಾಯಿ ಬಿಡಿಸಿದ್ದು ಯಾವಾಗ ಅಂತ ಕೇಳಲ್ವಾ?"

ನನ್ನ ಕೈಗೆ ಬಲ ಬಂದಿದ್ದರೆ ಆಗ ಬರಬೇಕಿತ್ತು. ಗಾಜನ್ನು ಕೈತಪ್ಪಿ ಬೀಳಿಸಬಹುದಿತ್ತು. ಫೋಟೋದ ಹಿಂದೆ 'ಇವಳು ಬದುಕಿದ್ದಾಳೆ' ಎಂದು ಎರಡು ಪದ ಗೀಚಬಹುದಿತ್ತು, ನನಗೆ ಬರೆಯಲು ಬರುತ್ತದೆ. ನಾನು ಪೆನ್ಸಿಲ್ಲು ಹೆರೆದೆ. ಚಾಕುವಿನ ತುದಿಯಿಂದ ಹೊಗೆಯನ್ನು ಕೆರೆದೆ. ಮೇಲ್ತುಟಿ ಬರೆದೆ, ಕೆಳತುಟಿ ಬರೆದೆ, ಎರಡರ ನಡುವೆ ಕೂದಲೆಳೆಯಷ್ಟೂ ಸಂದಿಲ್ಲದಂತೆ ಗೆರೆ ಎಳೆದೆ. ಮೂರು ದಿನ ಹಿಡಿಯಿತು. ಸುಳ್ಳು ಹೇಳುವುದಿಲ್ಲ, ಅಷ್ಟು ಚೆನ್ನಾಗಿ ನಾನು ಯಾರ ತುಟಿಯನ್ನೂ ತಿದ್ದಿರಲಿಲ್ಲ. ಮಚ್ಚೆಯನ್ನು ಮಾತ್ರ ಮುಟ್ಟಲಿಲ್ಲ.

ಅಂದಿನಿಂದ ನಾಜ್ಲುವಿನ ಬಾಯಿಗೆ ಬಿಡುವಿಲ್ಲ. ಬಾವಿಯ ಬಳಿ, ಬ್ರೆಡ್ಡಿನ ಒಲೆಯ ಬಳಿ, ಬೀದಿಯಲ್ಲಿ, ಕತ್ತೆಯ ಜೊತೆಗೂ ಮಾತು. ಪ್ರತಿ ಭಾನುವಾರ ಚರ್ಚಿನಿಂದ ನೇರ ನನ್ನ ಮೇಜಿನ ಬಳಿ ಬರುತ್ತಾಳೆ. "ಕಾಗದ ಬಂತಾ ಎಲ್ಬಿಸಕ್ಕ? ಇಲ್ವಾ? ಹಿಮ ಅಲ್ವಾ, ತಡ ಆಗುತ್ತೆ. ಅಣ್ಣನಿಗೆ ಹೇಳಿದೀನಿ, ಬೇಸಿಗೆಗೆ ನಾನಿರಲ್ಲ, ಉಣ್ಣೆ ತೊಳೆಯೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳಿ ಅಂತ." ಅಷ್ಟು ಹೊತ್ತೂ ನಾನು ಬೇರೆ ಯಾರದೋ ಗಲ್ಲ ತಿದ್ದುತ್ತಿರುತ್ತೇನೆ.

ಕಾಗದ ವಸಂತದಲ್ಲಿ ಬಂತು. "ಉಸ್ತಾದ್, ನಿಮ್ಮ ಕೈಗೆ ಮುತ್ತಿಡಬೇಕು. ಮಚ್ಚೆಯೂ ಹಾಗೇ ಇದೆ. ಬಾಯಿ ಮುಚ್ಚಿಕೊಂಡು ಎಷ್ಟು ಶಾಂತವಾಗಿದ್ದಾಳೆ. ಫೋಟೋ ನೋಡುವವರೆಗೆ ನನಗೆ ನಂಬಿಕೆ ಇರಲಿಲ್ಲ, ಈಗ ಮನಸ್ಸು ಒಪ್ಪಿದೆ. ಇಲ್ಲಿನ ಚರ್ಚಿನಲ್ಲಿ ಅವಳ ಹೆಸರಲ್ಲಿ ಪ್ರಾರ್ಥನೆ ಮಾಡಿಸಿ, ಬಂದವರಿಗೆಲ್ಲ ಊಟ ಹಾಕಿದೆ. ಈಸ್ಟರ್ ಆದ ಮೇಲೆ ಅಮ್ಮ ನೋಡಿದ ಹುಡುಗಿಯನ್ನು ಮದುವೆಯಾಗುತ್ತೇನೆ."

ಸಹಾಗ್ ಅದನ್ನು ಎರಡು ಸಲ ಓದಿಸಿದ. "ನೋಡ್ದಾ, ಬಾಯಿ ಚೆನ್ನಾಗಿ ಬಂದಿದೆ ಅಂತ ಅವನೇ ಬರೆದಿದಾನೆ" ಎಂದು ಕಾಗದವನ್ನು ಒಲೆಗೆ ಹಾಕಿದ.

ಭಾನುವಾರ ನಾಜ್ಲು ಬಂದಳು. ನನ್ನ ಮುಖ ನೋಡಿದವಳಿಗೆ ಏನೋ ಹೊಳೆಯಿತು.

"ಬಂತಾ?"

"ಬಂತು."

"ಏನ್ ಬರೆದಿದಾರೆ?"

"ಫೋಟೋ ಚೆನ್ನಾಗಿದೆಯಂತೆ."

ಅವಳು ಪಕ್ಕಕ್ಕೆ ಕೂತು ನನ್ನ ತೋಳು ಹಿಡಿದಳು. "ಅಕ್ಕ, ಒಂದು ಗುಟ್ಟು ಹೇಳ್ತೀನಿ, ಉಸ್ತಾದರಿಗೆ ಹೇಳ್ಬೇಡಿ. ಅವತ್ತು ನಾನು ಬೇಕೂಂತಲೇ ಮಾತಾಡ್ದೆ. ಅಲುಗಿದ್ರೆ ಹೊಗೆ ಆಗುತ್ತೆ ಅಂತ ಗೊತ್ತಿತ್ತು. ಹೊರಡೋ ದಿನ ಅವರು ಅಂದಿದ್ರು, ಅಮ್ಮ ನಿನ್ನ ಬಾಯಿ ಬಿಡಿಸಿದ ದಿನ ಹೇಗಾದ್ರೂ ನಂಗೆ ತಿಳಿಸು, ಸಾಲ ಮಾಡಿಯಾದ್ರೂ ಬಂದು ಕರ್ಕೊಂಡು ಹೋಗ್ತೀನಿ ಅಂತ. ಬಾಯಿ ನೋಡಿದ ತಕ್ಷಣ ಅವರಿಗೆ ಗೊತ್ತಾಗಿರುತ್ತೆ. ಬಾಯಿ ಬಗ್ಗೆ ಏನಾದ್ರೂ ಬರೆದಿದಾರಾ?"

"ಬರೆದಿದಾನೆ" ಎಂದೆ.

ಅವಳು ನಕ್ಕುಬಿಟ್ಟಳು. ಬಾಯಿ ತುಂಬಾ, ಹಲ್ಲೆಲ್ಲ ಕಾಣುವ ಹಾಗೆ. ಬೇಸಿಗೆಗೆ ಏನೇನು ಕಟ್ಟಿಕೊಳ್ಳಬೇಕು ಎಂದು ಹೇಳತೊಡಗಿದಳು. ನಾನು ಪೆನ್ಸಿಲ್ಲು ಹೆರೆಯುತ್ತಾ ಕೇಳಿದೆ.